ಬೈಕಿನ ಗಡಿಯಾರ ಮತ್ತು ಮೀಟರ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಬೈಕಿನ ಮೀಟರ್‌ನಲ್ಲಿರುವ ಪುಟ್ಟ ಗಡಿಯಾರ ಪ್ರತಿದಿನ ಬೆಳಿಗ್ಗೆ ಒಂದು ಗಂಟೆಯನ್ನೇ ತೋರಿಸತೊಡಗಿದರೆ ಬಹಳಷ್ಟು ಸವಾರರು ಅದನ್ನು ಸರಿಪಡಿಸುವ ಗೋಜಿಗೆ ಹೋಗುವುದಿಲ್ಲ. ಕೈಯಲ್ಲಿ ವಾಚ್ ಇದೆ, ಜೇಬಿನಲ್ಲಿ ಮೊಬೈಲ್ ಇದೆ, ಗಾಡಿಯಂತೂ ಓಡುತ್ತಿದೆ ಎಂದು ಸುಮ್ಮನಾಗುತ್ತಾರೆ. ಆದರೆ ಗಾಡಿಯ ವಿದ್ಯುತ್ ವ್ಯವಸ್ಥೆಯಲ್ಲಿ ಏರುಪೇರಾದಾಗ ಅದನ್ನು ಮೊದಲು ಬಾಯಿಬಿಟ್ಟು ಹೇಳುವುದು ಅನೇಕ ಸಲ ಆ ಗಡಿಯಾರವೇ. ಬ್ಯಾಟರಿಯ ವೋಲ್ಟೇಜ್ ಅರೆಕ್ಷಣ ಕುಸಿದರೂ ಸ್ಟಾರ್ಟರ್ ಮೋಟರ್ ಹೇಗೋ ತಿರುಗಿಬಿಡುತ್ತದೆ, ಹೆಡ್‌ಲೈಟ್ ಒಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಗಡಿಯಾರ ಮಾತ್ರ ತನ್ನ ನೆನಪನ್ನು ಕಳೆದುಕೊಂಡು ಆ ಕುಸಿತದ ಗುರುತನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಗಡಿಯಾರವನ್ನು ಮತ್ತೆ ಮತ್ತೆ ಹೊಂದಿಸುವ ಮೊದಲು, ಮೀಟರನ್ನೇ ಬದಲಾಯಿಸಬೇಕು ಎಂಬ ಸಲಹೆಗೆ ತಲೆಯಾಡಿಸುವ ಮೊದಲು, ಅದು ಯಾವಾಗ ಮತ್ತು ಹೇಗೆ ಕೈಕೊಡುತ್ತಿದೆ ಎಂಬುದನ್ನು ತಾಳ್ಮೆಯಿಂದ ಗಮನಿಸಬೇಕು.

ನನ್ನದೇ ಗಾಡಿಯಲ್ಲಿ ಒಮ್ಮೆ ಹೀಗಾದಾಗ ಮೀಟರ್ ಪೂರ್ತಿ ಹಾಳಾಗಿದೆ, ಹೊಸದನ್ನೇ ಹಾಕಿಸಬೇಕು ಎಂಬ ತೀರ್ಪು ಸಿಕ್ಕಿತ್ತು. ಕೊನೆಗೆ ಸಿಕ್ಕಿದ ದೋಷವೆಂದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಬೋಲ್ಟ್ ಅರ್ಧ ಸುತ್ತು ಸಡಿಲಾಗಿದ್ದದ್ದು. ಮುಂದೆ ಹೇಳಿರುವ ಕ್ರಮವನ್ನು ನಾನು ಪಾಲಿಸತೊಡಗಿದ್ದು ಅಂದಿನಿಂದ.

ಮೀಟರ್‌ಗೆ ಎರಡು ದಾರಿಯಿಂದ ಕರೆಂಟ್ ಬರುತ್ತದೆ

ಡಿಜಿಟಲ್ ಮೀಟರ್ ಇರುವ ಬಹುತೇಕ ಬೈಕುಗಳಲ್ಲಿ ಮೀಟರ್‌ಗೆ ಎರಡು ಬೇರೆ ಬೇರೆ ಪಾಸಿಟಿವ್ ವೈರುಗಳು ಬರುತ್ತವೆ. ಒಂದು ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಯಿಂದ ಬಂದು, ಕೀಲಿ ತೆಗೆದಿದ್ದಾಗಲೂ ಗಡಿಯಾರವನ್ನು ನಡೆಸುತ್ತಿರುತ್ತದೆ. ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಜೀವ ತಳೆದು ಪರದೆ, ಬೆಳಕು, ಸೂಚಕ ದೀಪಗಳನ್ನೆಲ್ಲ ನಡೆಸುತ್ತದೆ. ಇವೆರಡಕ್ಕೂ ಮರಳಿ ಹೋಗುವ ದಾರಿಯೆಂದರೆ ಅರ್ತ್ ವೈರ್. ಈ ಮೂರು ವೈರುಗಳ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ದೋಷ ಕುಳಿತಲ್ಲಿಯೇ ಬಗೆಹರಿಯುತ್ತದೆ.

ಕೀಲಿ ತೆಗೆದ ಕೂಡಲೇ ಗಡಿಯಾರ ಮರೆತುಹೋಗಿ, ಪ್ರತಿಸಲ ಕೀಲಿ ಹಾಕಿದಾಗ ಮೊದಲಿನಿಂದ ಎಣಿಸತೊಡಗುತ್ತಿದ್ದರೆ ಬ್ಯಾಟರಿಯಿಂದ ನೇರವಾಗಿ ಬರುವ ವೈರಿನಲ್ಲಿ ಕರೆಂಟ್ ಇಲ್ಲವೆಂದೇ ಅರ್ಥ. ಕೀಲಿ ತೆಗೆದು ಬಹಳ ಹೊತ್ತು ನಿಲ್ಲಿಸಿದ್ದರೂ ಸಮಯ ಸರಿಯಾಗಿಯೇ ಇದ್ದು, ಸೆಲ್ಫ್ ಒತ್ತಿದ ಕ್ಷಣದಲ್ಲಿ ಮಾತ್ರ ಅಳಿಸಿಹೋಗುತ್ತಿದ್ದರೆ ಬ್ಯಾಟರಿ ಅಥವಾ ಅದರ ಜೋಡಣೆ ದುರ್ಬಲವಾಗಿದೆ. ಗಡಿಯಾರ ಸರಿಯಿದ್ದು ಪರದೆಯೇ ಆಗಾಗ ಆರಿ ಹತ್ತುತ್ತಿದ್ದರೆ ಕೀಲಿಯ ದಾರಿಯಲ್ಲಿ ಅಥವಾ ಅರ್ತ್‌ನಲ್ಲಿ ಸಡಿಲವಿದೆ. ಹಾಗೆಯೇ, ಗಡಿಯಾರ ಮತ್ತು ಟ್ರಿಪ್ ಮೀಟರ್ ಸೊನ್ನೆಯಾದರೂ ಒಟ್ಟು ಕಿಲೋಮೀಟರ್ ತೋರಿಸುವ ಓಡೋಮೀಟರ್ ಅಳಿಸಿಹೋಗುವುದಿಲ್ಲ, ಏಕೆಂದರೆ ಆ ಅಂಕಿ ಕರೆಂಟ್ ಇಲ್ಲದೆಯೂ ಉಳಿಯುವ ಮೆಮೊರಿ ಚಿಪ್‌ನಲ್ಲಿ ಬರೆದಿರುತ್ತದೆ. ಓಡೋಮೀಟರ್ ಕೂಡ ಗೆರೆಗಳನ್ನೋ ಅರ್ಥವಿಲ್ಲದ ಅಂಕಿಗಳನ್ನೋ ತೋರಿಸಿದರೆ ಮಾತ್ರ ಮೀಟರಿನ ಒಳಗೇ ದೋಷವಿರಬಹುದೆಂದು ಶಂಕಿಸಬೇಕು.

ಹೀಗಾಗಿ ಮೊದಲ ಹೆಜ್ಜೆಗೆ ಯಾವ ಉಪಕರಣವೂ ಬೇಡ. ಎರಡು ಮೂರು ದಿನ ಗಾಡಿ ಓಡಿಸುತ್ತ, ಮೀಟರ್ ತಪ್ಪಿದ ಕ್ಷಣವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಸೆಲ್ಫ್ ಒತ್ತಿದಾಗಲೋ, ಹ್ಯಾಂಡಲ್ ತಿರುಗಿಸಿದಾಗಲೋ, ಗುಂಡಿಗೆ ಬಿದ್ದಾಗಲೋ, ಮಳೆಯಲ್ಲಿ ನೆನೆದ ಮರುದಿನವೋ, ಉರಿಬಿಸಿಲಿನಲ್ಲಿ ನಿಲ್ಲಿಸಿದಾಗಲೋ. ಮೆಕ್ಯಾನಿಕ್ ಬಳಿಗೆ ಹೋಗುವುದಾದರೂ ಈ ಚೀಟಿ ಅವರ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಬ್ಯಾಟರಿಯಿಂದ ಆರಂಭಿಸಿ

ಇದಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ ವೋಲ್ಟ್‌ಗೆ ಇಟ್ಟು, ಗಾಡಿ ರಾತ್ರಿಯಿಡೀ ನಿಂತಿದ್ದ ಮೇಲೆ ಬೆಳಿಗ್ಗೆ ಕೀಲಿ ಹಾಕುವ ಮುನ್ನ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆಯಬೇಕು. ಆಗತಾನೇ ಓಡಿಸಿ ನಿಲ್ಲಿಸಿದ ಗಾಡಿಯಲ್ಲಿ ಅಳೆದರೆ ವೋಲ್ಟೇಜ್ ಇರುವುದಕ್ಕಿಂತ ಹೆಚ್ಚಾಗಿ ಕಂಡು ಮೋಸ ಮಾಡುತ್ತದೆ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6ರಿಂದ 12.8 ವೋಲ್ಟ್ ಇರುತ್ತದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಬೇಕು, 12.0ರ ಆಸುಪಾಸಿಗೆ ಬಂದಿದ್ದರೆ ಬಹುಪಾಲು ಖಾಲಿಯಾಗಿದೆ ಎಂದು ತಿಳಿಯಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿಕೊಂಡವರಿಗೆ ಈ ಅಂಕಿಗಳು ಹೊಂದುವುದಿಲ್ಲ. ಅದು ಪೂರ್ತಿ ತುಂಬಿದ್ದಾಗ 13.2 ವೋಲ್ಟ್‌ಗಿಂತ ಮೇಲಿರುತ್ತದೆ.

ನಿಂತ ಬ್ಯಾಟರಿಯ ವೋಲ್ಟೇಜ್ ಚೆನ್ನಾಗಿದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು, ಏಕೆಂದರೆ ಅದರ ನಿಜವಾದ ಪರೀಕ್ಷೆ ನಡೆಯುವುದು ಹೊರೆ ಬಿದ್ದಾಗ. ಮಲ್ಟಿಮೀಟರಿನ ಕಡ್ಡಿಗಳನ್ನು ಹಾಗೆಯೇ ಹಿಡಿದು ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಎಂಜಿನ್ ತಿರುಗುತ್ತಿರುವಾಗ ವೋಲ್ಟೇಜ್ ಸುಮಾರು 10ರ ಮೇಲೆಯೇ ನಿಲ್ಲಬೇಕು, 9.5ಕ್ಕಿಂತ ಕೆಳಗಿಳಿದರೆ ಗಡಿಯಾರ ಅಳಿಸಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಹಲವರು ಬಿಟ್ಟುಬಿಡುವ ಒಂದು ಸೂಕ್ಷ್ಮವಿದೆ. ಮೊದಲು ಕಡ್ಡಿಗಳನ್ನು ಬ್ಯಾಟರಿಯ ಸೀಸದ ತುದಿಗೇ ತಾಗಿಸಿ ಅಳೆಯಿರಿ, ಆಮೇಲೆ ಬೋಲ್ಟ್ ಹಾಕಿರುವ ಕೇಬಲಿನ ತುದಿಗೆ ತಾಗಿಸಿ ಅಳೆಯಿರಿ. ಬ್ಯಾಟರಿಯ ತುದಿಯಲ್ಲಿ 10.8 ಇದ್ದು ಕೇಬಲಿನ ತುದಿಯಲ್ಲಿ 9ಕ್ಕೆ ಇಳಿಯುತ್ತಿದ್ದರೆ ಬ್ಯಾಟರಿಯದೇನೂ ತಪ್ಪಿಲ್ಲ, ಅವೆರಡರ ನಡುವಿನ ಕಿಲುಬು ಅಥವಾ ಸಡಿಲವಾದ ಬೋಲ್ಟ್ ಆ ವೋಲ್ಟೇಜನ್ನು ತಿನ್ನುತ್ತಿದೆ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಅನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ಚಾಸಿಸ್‌ಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ತುದಿಗಳನ್ನು ಉಜ್ಜಿ ಹೊಳಪು ಬರಿಸಿ, ಬಿಗಿಯಾಗಿ ಜೋಡಿಸಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮತ್ತೆ ಬೇಗ ಕಿಲುಬು ಹಿಡಿಯುವುದಿಲ್ಲ.

ಬಳಿಕ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಸುಮಾರು 5000 ಆರ್‌ಪಿಎಂನಲ್ಲಿ ಮತ್ತೊಮ್ಮೆ ಅಳೆಯಬೇಕು. 13.5ರಿಂದ 14.8 ವೋಲ್ಟ್ ನಡುವೆ ಇದ್ದರೆ ಚಾರ್ಜಿಂಗ್ ಸರಿಯಿದೆ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹಿಡಿತ ತಪ್ಪಿದೆ ಎಂದು ತಿಳಿದು ಗಾಡಿಯನ್ನು ಮುಂದೆ ಓಡಿಸದೆ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಆ ಹೆಚ್ಚುವರಿ ವೋಲ್ಟೇಜ್ ಬ್ಯಾಟರಿಯನ್ನು ಕುದಿಸುವುದಲ್ಲದೆ ಮೀಟರಿನ ಚಿಪ್‌ಗಳನ್ನೂ ಸುಡಬಲ್ಲದು. ಆಕ್ಸಿಲರೇಟರ್ ತಿರುವಿದಂತೆಲ್ಲ ಮೀಟರಿನ ಬೆಳಕು ಮಿಣುಕುತ್ತಿದ್ದರೂ ಮೊದಲ ಅನುಮಾನ ರೆಗ್ಯುಲೇಟರಿನ ಮೇಲೆಯೇ ಇರಲಿ.

ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಕೀಲಿ ತೆಗೆದ ಮೇಲೂ ಹರಿಯುವ ಕರೆಂಟನ್ನು ನೋಡಬೇಕಾಗುತ್ತದೆ. ಕೀಲಿ ತೆಗೆದು, ನೆಗೆಟಿವ್ ಕೇಬಲ್ ಬಿಚ್ಚಿ, ಮಲ್ಟಿಮೀಟರಿನ ಕೆಂಪು ಕಡ್ಡಿಯ ವೈರನ್ನು 10 ಆಂಪಿಯರ್ ಸಾಕೆಟ್ಟಿಗೆ ಸೇರಿಸಿ, ಕೇಬಲ್ ಮತ್ತು ಬ್ಯಾಟರಿಯ ನೆಗೆಟಿವ್ ತುದಿಯ ನಡುವೆ ಜೋಡಿಸಿ. ಈ ಸ್ಥಿತಿಯಲ್ಲಿ ಕೀಲಿಯನ್ನೂ ಸೆಲ್ಫನ್ನೂ ಮುಟ್ಟಬಾರದು. ಗಡಿಯಾರಕ್ಕೆ ಕೆಲವೇ ಮಿಲಿಆಂಪಿಯರ್ ಸಾಕಾಗುತ್ತದೆ. 20 ಮಿಲಿಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಹೋಗುತ್ತದೆ, ಅಂದರೆ 5 ಆಂಪಿಯರ್-ಅವರ್ ಬ್ಯಾಟರಿ ಹತ್ತೇ ದಿನದಲ್ಲಿ ಬರಿದಾಗುತ್ತದೆ. ಹೀಗೆ ಕಂಡುಬಂದರೆ ಆಮೇಲೆ ಹಾಕಿಸಿದ ಮೊಬೈಲ್ ಚಾರ್ಜರ್, ಅಲಾರಂ, ಜಿಪಿಎಸ್ ಟ್ರ್ಯಾಕರ್‌ಗಳನ್ನು ಒಂದೊಂದಾಗಿ ಕಳಚಿ ನೋಡಿ. ಇಂಥವನ್ನು ಮೀಟರಿನ ವೈರನ್ನೇ ಸುಲಿದು ಸುತ್ತಿ ಜೋಡಿಸಿರುವುದು ಬಹಳ ಕಡೆ ಕಾಣುತ್ತದೆ, ಮತ್ತು ಎಷ್ಟೋ ದೋಷಗಳಿಗೆ ಆ ಸುತ್ತಿದ ಜಾಗವೇ ಮೂಲ.

ಫ್ಯೂಸ್, ಕನೆಕ್ಟರ್, ಅರ್ತ್

ಗಾಡಿಯ ಕೈಪಿಡಿಯಲ್ಲಿ ಫ್ಯೂಸ್ ಪೆಟ್ಟಿಗೆಯ ನಕ್ಷೆ ಇರುತ್ತದೆ. ಮೀಟರ್, ಬ್ಯಾಕಪ್ ಅಥವಾ ಕ್ಲಾಕ್ ಎಂಬ ಹೆಸರಿನ ಫ್ಯೂಸನ್ನು ಹೊರತೆಗೆದು, ಕಣ್ಣಳತೆಗೆ ನಂಬದೆ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಒಳಗಿನ ತಂತಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ಹೆಚ್ಚಿನ ಆಂಪಿಯರಿನದನ್ನೋ ತಾಮ್ರದ ತಂತಿಯನ್ನೋ ಹಾಕಿದರೆ ಮುಂದಿನ ಸಲ ಸುಡುವುದು ಟ್ಯಾಂಕಿನ ಕೆಳಗಿರುವ ವೈರಿಂಗ್. ಹೊಸ ಫ್ಯೂಸ್ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ಅದನ್ನು ಹುಡುಕದೆ ಮೂರನೆಯ ಫ್ಯೂಸ್ ಹಾಕಬೇಡಿ.

ಫ್ಯೂಸ್ ಸರಿಯಿದ್ದರೆ ಹ್ಯಾಂಡಲಿನತ್ತ ಬನ್ನಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕೀಲಿ ಹಾಕಿ, ಹ್ಯಾಂಡಲನ್ನು ನಿಧಾನವಾಗಿ ಎಡತುದಿಯಿಂದ ಬಲತುದಿಗೆ ತಿರುಗಿಸುತ್ತ ಪರದೆಯನ್ನೇ ನೋಡುತ್ತಿರಿ. ಮೀಟರಿಗೆ ಹೋಗುವ ವೈರುಗಳ ಕಟ್ಟು ಹ್ಯಾಂಡಲಿನ ಕತ್ತಿನ ಬಳಿ ದಿನಕ್ಕೆ ನೂರಾರು ಸಲ ಬಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿಯೇ ಇದ್ದು ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಪರದೆ ಆರಿದರೆ ದೋಷ ಅಲ್ಲಿಯೇ ಇದೆ. ಕಟ್ಟನ್ನು ಬಿಚ್ಚಿ ಪ್ರತಿ ವೈರನ್ನು ಮೃದುವಾಗಿ ಎಳೆದು ನೋಡಿದಾಗ ತುಂಡಾದ ವೈರ್ ರಬ್ಬರಿನಂತೆ ಹಿಗ್ಗುತ್ತದೆ. ಗಟ್ಟಿಯಾಗಿರುವ ವೈರ್ ಹಿಗ್ಗುವುದಿಲ್ಲ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ) ಕೊಳವೆ ಹೊದಿಸುವಾಗ ಬೆಸುಗೆಯ ಜಾಗ ಬಾಗದ ಕಡೆ ಬರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಅದರ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ.

ಮೀಟರಿನ ಹಿಂದಿನ ಕನೆಕ್ಟರನ್ನು ಕಳಚಿ ನೋಡಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು, ಬಾಗಿದ ಪಿನ್ ಅಥವಾ ಹಿಂದೆ ಸರಿದ ಪಿನ್ ಕಂಡುಬರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಲು ಬಿಟ್ಟು, ಕಳಚಿ ಜೋಡಿಸುವುದನ್ನು ನಾಲ್ಕೈದು ಸಲ ಮಾಡಿದರೆ ಪಿನ್ನುಗಳು ತಾವೇ ಉಜ್ಜಿಕೊಂಡು ಶುಚಿಯಾಗುತ್ತವೆ. ಜೋಡಿಸುವ ಮೊದಲು, ಬ್ಯಾಟರಿಯಿಂದ ನೇರವಾಗಿ ಬರುವ ವೈರಿನಲ್ಲಿ ಕೀಲಿ ಇಲ್ಲದೆಯೂ ಬ್ಯಾಟರಿಯಷ್ಟೇ ವೋಲ್ಟೇಜ್ ಇದೆಯೇ ಎಂದು ಅಳೆದುಕೊಳ್ಳಿ. ವೈರಿನ ಬಣ್ಣ ಗಾಡಿಯಿಂದ ಗಾಡಿಗೆ ಬೇರೆಯಾಗಿರುವುದರಿಂದ ಆ ಮಾದರಿಯ ಸರ್ವಿಸ್ ಮ್ಯಾನುಯಲಿನ ನಕ್ಷೆಯನ್ನೇ ನಂಬಬೇಕು.

ಅರ್ತ್ ದೋಷದ ಲಕ್ಷಣಗಳು ವಿಚಿತ್ರವಾಗಿರುತ್ತವೆ. ಇಂಡಿಕೇಟರ್ ಹಾಕಿದರೆ ಹೈಬೀಮಿನ ಸೂಚಕ ದೀಪ ಅದರ ತಾಳಕ್ಕೆ ಮಿಣುಕುತ್ತದೆ, ಬ್ರೇಕ್ ಹಿಡಿದರೆ ಪೆಟ್ರೋಲ್ ಮೀಟರ್ ಇಳಿಯುತ್ತದೆ. ಸರಿಯಾದ ದಾರಿ ಸಿಗದ ಕರೆಂಟ್ ಇನ್ನಾವುದೋ ದೀಪದ ಮೂಲಕ ಮರಳಿ ಹೋಗಲು ಯತ್ನಿಸುವುದರಿಂದ ಹೀಗಾಗುತ್ತದೆ. ಕೀಲಿ ಮತ್ತು ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪು ಕಡ್ಡಿಯನ್ನು ಮೀಟರಿನ ಅರ್ತ್ ಪಿನ್ನಿಗೂ ತಾಗಿಸಿ. 0.1 ಅಥವಾ 0.2 ವೋಲ್ಟ್‌ವರೆಗೆ ಇದ್ದರೆ ತೊಂದರೆಯಿಲ್ಲ; ಅರ್ಧ ವೋಲ್ಟ್ ತೋರಿಸಿದರೆ ಅರ್ತ್ ವೈರ್ ಚಾಸಿಸ್‌ಗೆ ಸೇರುವ ಬೋಲ್ಟನ್ನು ಬಿಚ್ಚಿ ಬಣ್ಣ, ತುಕ್ಕುಗಳನ್ನು ಉಜ್ಜಿ ತೆಗೆಯಬೇಕು.

ಪರದೆ ಸರಿಯಿದ್ದು ಅಂಕಿ ತಪ್ಪಿದಾಗ

ಕೀಲಿ ಹಾಕಿದ ಕೂಡಲೇ ಎಷ್ಟೋ ಮೀಟರುಗಳು ಎಲ್ಲ ಅಂಕಿ, ಚಿಹ್ನೆಗಳನ್ನು ಒಮ್ಮೆ ಬೆಳಗಿಸಿ, ಮುಳ್ಳನ್ನು ಪೂರ್ತಿ ಏರಿಸಿ ಇಳಿಸುತ್ತವೆ. ಇದನ್ನು ಬರಿಯ ಅಲಂಕಾರ ಎಂದುಕೊಂಡವರೇ ಹೆಚ್ಚು. ವಾಸ್ತವವಾಗಿ ಮೀಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ವಿಧಾನವಿದು. ಈ ಎರಡು ಸೆಕೆಂಡುಗಳಲ್ಲಿ ಎಲ್ಲವೂ ಬೆಳಗಿ, ಮುಳ್ಳು ಸರಾಗವಾಗಿ ಏರಿಳಿದು, ಬಳಿಕ ಗಾಡಿ ಓಡುತ್ತಿದ್ದರೂ ವೇಗ ಸೊನ್ನೆಯಲ್ಲೇ ನಿಂತರೆ ಮೀಟರ್ ಆರೋಗ್ಯವಾಗಿದೆ, ಅದಕ್ಕೆ ಸುದ್ದಿ ತಲುಪುತ್ತಿಲ್ಲ ಅಷ್ಟೇ.

ವೇಗದ ಸುದ್ದಿ ಬರುವ ದಾರಿ ಗಾಡಿಯನ್ನು ಅವಲಂಬಿಸಿದೆ. ಮುಂದಿನ ಚಕ್ರದಿಂದ ಬರುವ ಕೇಬಲ್ ಇದ್ದರೆ ಅದರ ಮೇಲ್ತುದಿಯನ್ನು ಕಳಚಿ, ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ. ಒಳಗಿನ ತಂತಿ ತಿರುಗದಿದ್ದರೆ ಅದು ತುಂಡಾಗಿದೆ ಅಥವಾ ಚಕ್ರದ ಬಳಿಯ ಗೇರಿಗೆ ಕಚ್ಚಿಕೊಂಡಿಲ್ಲ. ಪಂಕ್ಚರ್ ಹಾಕಿಸಿದ ಅಥವಾ ಬ್ರೇಕ್ ಶೂ ಬದಲಾಯಿಸಿದ ದಿನದಿಂದಲೇ ಮೀಟರ್ ನಿಂತಿದ್ದರೆ ಹೆಚ್ಚು ಯೋಚಿಸಬೇಕಿಲ್ಲ: ಚಕ್ರ ಮರಳಿ ಕೂರಿಸುವಾಗ ಗೇರಿನ ಕಿವಿಗಳು ಚಕ್ರದ ನಡುವಿನ ಹಬ್‌ನ ಕಚ್ಚುಗಳಲ್ಲಿ ಕುಳಿತಿಲ್ಲ. ಸೆನ್ಸರ್ ಇರುವ ಗಾಡಿಯಲ್ಲಿ ಅದರ ತುದಿಗೆ ಅಂಟಿದ ಕಬ್ಬಿಣದ ಪುಡಿ ಮತ್ತು ಕೆಸರನ್ನು ಒರೆಸಿ, ವೈರನ್ನು ಪರೀಕ್ಷಿಸಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಬೈಕುಗಳಲ್ಲಿ ಚಕ್ರದ ಎಬಿಎಸ್ ಸೆನ್ಸರೇ ಮೀಟರಿಗೂ ವೇಗವನ್ನು ತಿಳಿಸುತ್ತದೆ. ವೇಗವೂ ಇಲ್ಲದೆ ಎಬಿಎಸ್ ದೀಪವೂ ಆರದೆ ಉಳಿದರೆ ಎರಡಕ್ಕೂ ಕಾರಣ ಒಂದೇ ಎಂದು ಹಿಡಿದು ಹೊರಡಿ, ಮತ್ತು ಅಲ್ಲಿಯವರೆಗೆ ಎಬಿಎಸ್ ಇಲ್ಲವೆಂದೇ ಭಾವಿಸಿ ಬ್ರೇಕ್ ಹಿಡಿಯಿರಿ.

ಪೆಟ್ರೋಲ್ ಮೀಟರ್ ಒಂದು ಮಟ್ಟದಲ್ಲಿ ಮಾತ್ರ ಜಿಗಿದಾಡಿದರೆ ಟ್ಯಾಂಕಿನೊಳಗಿನ ತೇಲುಬುರುಡೆಗೆ ಸೇರಿದ ರೆಸಿಸ್ಟರಿನ ಪಟ್ಟಿ ಆ ಜಾಗದಲ್ಲಿ ಸವೆದಿರುತ್ತದೆ. ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ವಾಲಿದ್ದಾಗ ತೋರಿಸುವ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಇವೆಲ್ಲ ಒಟ್ಟಿಗೇ ಮಾಯವಾಗಿ ಗಡಿಯಾರ ಮಾತ್ರ ಓಡುತ್ತಿದ್ದರೆ ಅದು ಬೇರೆಯೇ ಕಥೆ. ಹೊಸ ಬೈಕುಗಳಲ್ಲಿ ಈ ಸುದ್ದಿಗಳೆಲ್ಲ ಒಂದಕ್ಕೊಂದು ಹೆಣೆದ ಎರಡೇ ವೈರುಗಳಲ್ಲಿ ಸಾಗುತ್ತವೆ. ಬಾಷ್ ಸಂಸ್ಥೆ 1986ರಲ್ಲಿ ಕಾರುಗಳಿಗಾಗಿ ಹೊರತಂದ ಕ್ಯಾನ್ ಬಸ್ ಎಂಬ ಈ ವ್ಯವಸ್ಥೆ ಈಗ ಬೈಕುಗಳಿಗೂ ಬಂದಿದೆ. ಇದರ ಎರಡೂ ಕೊನೆಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ ಆ ಎರಡು ವೈರುಗಳ ನಡುವೆ ಅಳೆದಾಗ 60 ಓಮ್ ಸಿಕ್ಕರೆ ದಾರಿ ಸರಿಯಿದೆ, 120 ಸಿಕ್ಕರೆ ಒಂದು ಕೊನೆ ತುಂಡಾಗಿದೆ, ಸೊನ್ನೆಯ ಹತ್ತಿರ ಸಿಕ್ಕರೆ ಎರಡು ವೈರುಗಳು ಪರಸ್ಪರ ತಾಗಿವೆ. ಇದಕ್ಕಿಂತ ಮುಂದಿನ ಪರೀಕ್ಷೆಗೆ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕಾಗುವುದರಿಂದ ಇಲ್ಲಿಗೆ ನಿಲ್ಲಿಸಿ ತಿಳಿದವರ ಕೈಗೆ ಒಪ್ಪಿಸುವುದು ಲೇಸು.

ಪರದೆಯದೇ ದೋಷ

ಪರದೆ ಕಪ್ಪಾಗಿ ಕಂಡರೆ ಮೊದಲು ತಂಪು ಕನ್ನಡಕವನ್ನು ತೆಗೆದು ನೋಡಿ. ಎಲ್‌ಸಿಡಿ ಪರದೆಯ ಮೇಲೂ ಪೋಲರೈಸ್ಡ್ ಕನ್ನಡಕದಲ್ಲೂ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ ಇರುವುದರಿಂದ ಕೆಲವು ಕೋನಗಳಲ್ಲಿ ಪರದೆ ಪೂರ್ತಿ ಮಾಯವಾಗುತ್ತದೆ. ತಲೆ ವಾಲಿಸಿದರೆ ಮರಳುತ್ತದೆ. ಉರಿಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಪರದೆ ಕಪ್ಪಿಟ್ಟಿದ್ದರೆ ಒಳಗಿನ ದ್ರವ ಸ್ಫಟಿಕ ಬಿಸಿಗೆ ತನ್ನ ಕ್ರಮವನ್ನು ಕಳೆದುಕೊಂಡಿದೆ, ನೆರಳಿನಲ್ಲಿ ತಣಿದ ಮೇಲೆ ಸರಿಹೋಗುತ್ತದೆ. ತಣಿದರೂ ಉಳಿಯುವ ಕಂದು ಅಥವಾ ನೇರಳೆ ಮಚ್ಚೆ ಮಾತ್ರ ಆ ಹಾಳೆ ಸುಟ್ಟಿರುವುದರ ಗುರುತು.

ಅಂಕಿಗಳ ಒಂದೊಂದು ಗೆರೆ ಕಾಣೆಯಾಗಿ 8 ಎಂಬುದು 6ರಂತೆ ಕಾಣತೊಡಗಿದರೆ, ಗಾಜಿನ ಪರದೆಯನ್ನು ಸರ್ಕ್ಯೂಟ್ ಬೋರ್ಡಿಗೆ ಸೇರಿಸುವ ರಬ್ಬರಿನ ಪಟ್ಟಿಯತ್ತ ಗಮನ ಕೊಡಬೇಕು. ಕಪ್ಪು ಬಿಳಿ ಗೆರೆಗಳಿರುವುದರಿಂದ ಅದನ್ನು ಜೀಬ್ರಾ ಸ್ಟ್ರಿಪ್ ಎನ್ನುತ್ತಾರೆ. ಪರದೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗೆರೆ ಮರಳಿದರೆ ಒಳಗಿನ ಸ್ಕ್ರೂ ಸಡಿಲಾಗಿದೆ ಅಥವಾ ಪಟ್ಟಿಗೆ ಧೂಳು ಹಿಡಿದಿದೆ. ವಾರಂಟಿ ಮುಗಿದ ಮೀಟರಾದರೆ ಬಿಚ್ಚಿ, ಪಟ್ಟಿಯನ್ನೂ ಬೋರ್ಡಿನ ಚಿನ್ನದ ಬಣ್ಣದ ಗೆರೆಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಸ್ಕ್ರೂಗಳನ್ನು ಸಮವಾಗಿ ಬಿಗಿಯಬಹುದು. ಮುಳ್ಳಿರುವ ಮೀಟರಿನಲ್ಲಿ ಮುಳ್ಳನ್ನು ಕೀಳುವ ಸಾಹಸ ಬೇಡ. ಅದರ ಅಳತೆ ತಪ್ಪಿಹೋಗುತ್ತದೆ.

ಗಾಜಿನ ಒಳಗೆ ತೆಳುವಾಗಿ ಹಬೆ ಕಟ್ಟಿ, ಅರ್ಧ ಗಂಟೆ ಓಡಿಸಿದ ಮೇಲೆ ಮಾಯವಾದರೆ ಆತಂಕವಿಲ್ಲ. ನೀರಿನ ಹನಿಗಳು ನಿಂತರೆ ಸೀಲ್ ಹೋಗಿದೆ. ಮೀಟರನ್ನು ಕಳಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟು ಒಣಗಿಸಿ, ಬಳಿಕ ಬಿರುಕನ್ನು ಮುಚ್ಚಬೇಕು. ಗಾಡಿ ತೊಳೆಯುವಾಗ ಪ್ರೆಷರ್ ನೀರನ್ನು ಮೀಟರಿನ ಮೇಲೆ ಬಿಡಲೇಬಾರದು. ಮೇಲಿನ ಗಾಜು ನಿಜವಾಗಿ ಪ್ಲಾಸ್ಟಿಕ್ ಆಗಿರುವುದರಿಂದ ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಕ್ಲೀನರ್‌ಗಳಿಂದ ಒರೆಸಿದರೆ ಜೇಡರ ಬಲೆಯಂಥ ಬಿರುಕುಗಳು ಮೂಡುತ್ತವೆ. ಸಾಬೂನಿನ ನೀರು, ಮೆತ್ತನೆಯ ಬಟ್ಟೆ ಸಾಕು.

ಗಡಿಯಾರ ಮುಂದೋಡಿದರೆ, ಹಿಂದೆ ಬಿದ್ದರೆ

ಅಳಿಸಿಹೋಗದೆ ಬರಿದೇ ತಪ್ಪು ಸಮಯ ತೋರಿಸುವ ಗಡಿಯಾರದ ಲೆಕ್ಕ ಬೇರೆ. ಇಂಥ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವಿರುತ್ತದೆ. ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚು ಕಡಿಮೆ ಅದರಲ್ಲಿ ಸಹಜ. ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಒಂದು ನಿಮಿಷದೊಳಗೆ. ಆ ಸ್ಫಟಿಕ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ನಡೆಯುವಂತೆ ಕತ್ತರಿಸಿರುವುದರಿಂದ ಬಿಸಿ ಹೆಚ್ಚಿದರೂ ಚಳಿ ಹೆಚ್ಚಿದರೂ ನಿಧಾನವಾಗುತ್ತದೆ. ಬಿಸಿಲಿನಲ್ಲಿ ನಿಲ್ಲುವ ಗಾಡಿಯ ಗಡಿಯಾರ ತಿಂಗಳಿಗೆ ಒಂದು ನಿಮಿಷ ಹಿಂದೆ ಬಿದ್ದರೆ ಅದು ದೋಷವಲ್ಲ, ಹೊಂದಿಸಿಕೊಂಡರೆ ಮುಗಿಯಿತು. ದಿನಕ್ಕೆ ನಿಮಿಷಗಟ್ಟಲೆ ತಪ್ಪಿದರೆ ಮಾತ್ರ ಬ್ಯಾಟರಿಯಿಂದ ಬರುವ ವೈರ್ ಆಗಾಗ ಕಡಿದುಹೋಗುತ್ತಿದೆಯೇ ಎಂದು ನೋಡಿ, ಅದು ಸರಿಯಿದ್ದರೆ ಮೀಟರಿನ ಬೋರ್ಡನ್ನು ಶಂಕಿಸಿ. ಮೊಬೈಲ್ ಅಥವಾ ಉಪಗ್ರಹದಿಂದ ಸಮಯ ಪಡೆಯುವ ಮೀಟರಿನಲ್ಲಿ ಸರಿಯಾಗಿ ಗಂಟೆ ಅಥವಾ ಅರ್ಧ ಗಂಟೆಯ ವ್ಯತ್ಯಾಸ ಕಂಡರೆ ಸಮಯ ವಲಯದ ಆಯ್ಕೆ ತಪ್ಪಿರುತ್ತದೆ. ದಿನಾಂಕ ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಹೋಗಿದ್ದರೆ ಕಾರಣ ಜಿಪಿಎಸ್‌ನ ವಾರದ ಎಣಿಕೆ: ಅದು 1024 ವಾರಗಳಿಗೊಮ್ಮೆ ಸೊನ್ನೆಯಾಗುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾಯಿತು. ಸಾಫ್ಟ್‌ವೇರ್ ಪರಿಷ್ಕರಿಸದೆ ಅದು ಸರಿಹೋಗುವುದಿಲ್ಲ.

ಮೀಟರ್ ಬದಲಾಯಿಸಲೇಬೇಕಾದರೆ

ಇಷ್ಟೆಲ್ಲ ನೋಡಿದ ಮೇಲೂ ದೋಷ ಮೀಟರಿನೊಳಗೇ ಇದೆ ಎಂದು ಖಚಿತವಾದರೆ, ಹಳೆಯ ಓಡೋಮೀಟರಿನ ಅಂಕಿಯ ಚಿತ್ರ ತೆಗೆದು, ಬದಲಾಯಿಸಿದ ದಿನಾಂಕದೊಡನೆ ಸರ್ವಿಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ. ಮುಂದೆ ಗಾಡಿ ಕೊಳ್ಳುವವರಿಗೆ ಸಲ್ಲಬೇಕಾದ ಸತ್ಯವದು, ಮತ್ತು ಅಂಕಿಯನ್ನು ತಿದ್ದುವುದು ಹಲವು ದೇಶಗಳಲ್ಲಿ ಅಪರಾಧ. ಹಳೆಯ ಮೀಟರ್ ಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು: ಕೆಲವು ಬೈಕುಗಳಲ್ಲಿ ಕೀಲಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ ಗುರುತಿಸುವ ವ್ಯವಸ್ಥೆ ಮೀಟರಿನೊಳಗೇ ಇರುವುದರಿಂದ, ಬೇರೆ ಗಾಡಿಯ ಮೀಟರ್ ಹಾಕಿದರೆ ಎಂಜಿನ್ನೇ ಚಾಲೂ ಆಗದೆ ಹೋಗಬಹುದು.

ಯಾವ ದುರಸ್ತಿಯೇ ಆದರೂ ಅಂದೇ ಮುಗಿಯಿತೆಂದು ತಿಳಿಯಬೇಡಿ. ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿ, ಎಂಜಿನ್ ಚಾಲೂ ಇರುವಾಗಲೇ ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ ನೋಡಿ, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಸೆಲ್ಫ್ ಒತ್ತಿ ಎಬ್ಬಿಸಿ. ಮೂರು ಬೆಳಿಗ್ಗೆ ಹೀಗೆ ಮಾಡಿದ ಮೇಲೂ ಮೀಟರಿನ ಸಮಯ ಕೈಗಡಿಯಾರದ ಸಮಯಕ್ಕೆ ತಾಳೆಯಾದರೆ ಕಳಚಿದ ಕವರುಗಳ ಸ್ಕ್ರೂಗಳನ್ನು ಪೂರ್ತಿ ಬಿಗಿಯಬಹುದು.